ನಿಧಾನವಾಗಿ ಇಳಿದವರಿಗೆ ಚಿನ್ನ ಹೇಗೆ? ಹಿಮದ ಮೇಲಿನ ಈ ಲೆಕ್ಕ ನಮ್ಮ ಡಿಸೆಂಬರ್ 3ರ ಓಟಕ್ಕೂ ಆಗುತ್ತದಾ?

ಕೋಟೆಬಾಗಿಲು_ಬಳ್ಳಾರಿ

ಬಳ್ಳಾರಿಯಲ್ಲಿ ಕೂತು ಹಿಮದ ಬಗ್ಗೆ ಕೇಳುತ್ತಿದ್ದೇನೆ, ನಗಬೇಡಿ. ಪ್ಯಾರಾಲಿಂಪಿಕ್ಸ್‌ನ ಸ್ಕೀಯಿಂಗ್ ವಿಡಿಯೋಗಳನ್ನು ನೋಡುತ್ತಿದ್ದೆ. ನಿಂತು ಸ್ಕೀ ಮಾಡುವವರ ವಿಭಾಗ. ಒಬ್ಬರಿಗೆ ಒಂದೇ ಕಾಲು. ಇನ್ನೊಬ್ಬರಿಗೆ ಒಂದು ಕೈ ಇಲ್ಲ. ಮತ್ತೊಬ್ಬರಿಗೆ ಎರಡೂ ಕಾಲಲ್ಲಿ ಬಲ ಕಡಿಮೆ. ಎಲ್ಲರೂ ಅದೇ ಇಳಿಜಾರಿನಲ್ಲಿ ಇಳಿಯುತ್ತಾರೆ, ಎಲ್ಲರಿಗೂ ಸೇರಿ ಒಂದೇ ಚಿನ್ನ. ಕೊನೆಗೆ ಪಟ್ಟಿ ನೋಡಿದರೆ ಹೆಚ್ಚು ಹೊತ್ತು ತೆಗೆದುಕೊಂಡವರು ಮೇಲೆ, ಬೇಗ ಇಳಿದವರು ಕೆಳಗೆ. ಯಾವ ಲೆಕ್ಕ ಇದು?

ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ನಮ್ಮ ಕಡೆ ಡಿಸೆಂಬರ್ 3ಕ್ಕೆ ಅಂಗವಿಕಲರ ದಿನ ಅಂತ ಓಟದ ಸ್ಪರ್ಧೆ ಇಡುತ್ತಾರೆ. ಊರುಗೋಲಿನವರು, ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿದವರು, ಕೈ ಸಣ್ಣಗಿರುವವರು, ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಪೀಪಿ ಊದುತ್ತಾರೆ. ಗೆಲ್ಲುವವರು ಯಾರು? ಕಾಲು ಗಟ್ಟಿ ಇದ್ದು ಕೈಯಲ್ಲಿ ಮಾತ್ರ ತೊಂದರೆ ಇರುವವರು. ಪೀಪಿ ಊದುವ ಮೊದಲೇ ಫಲಿತಾಂಶ ಗೊತ್ತಿರುತ್ತದೆ. ಅದಕ್ಕೆ ಈ ಹಿಮದವರ ಪದ್ಧತಿ ಏನು ಅಂತ ತಿಳಿಯಬೇಕಿದೆ.

ರಾಯಚೂರು_ಬಿಸಿಲು

ಅಣ್ಣಾ, ನಮಗೆ ಐಸ್ ಅಂದರೆ ಗೋಲಾ ಗಾಡಿಯಲ್ಲಿ ಮಾತ್ರ. ಆದರೂ ಕೇಳುತ್ತೇನೆ, ಹೇಳಿ ಯಾರಾದರೂ.

ಗಂಗಾವತಿ_ಪಿಟಿ_ಮೇಷ್ಟ್ರು

ನನಗೆ ತಿಳಿದಷ್ಟು ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಆಲ್ಪೈನ್ ಸ್ಕೀಯಿಂಗ್, ಅಂದರೆ ಬೆಟ್ಟದ ಇಳಿಜಾರಿನಲ್ಲಿ ಇಳಿಯುವ ಸ್ಕೀಯಿಂಗ್‌ನಲ್ಲಿ ಮೂರು ದೊಡ್ಡ ಗುಂಪು. ನಿಂತು ಇಳಿಯುವವರು, ಕುಳಿತು ಇಳಿಯುವವರು, ಕಣ್ಣು ಕಾಣದವರು ಅಥವಾ ಮಂಜಾಗಿ ಕಾಣುವವರು. ಪದಕ ಈ ಮೂರು ಗುಂಪಿಗೆ ಮಾತ್ರ. ಆದರೆ ಪ್ರತಿ ಗುಂಪಿನ ಒಳಗೆ ಸಣ್ಣ ಸಣ್ಣ ತರಗತಿಗಳಿವೆ. ನಿಂತವರಿಗೆ ಎಲ್‌ಡಬ್ಲ್ಯೂ 1ರಿಂದ 9ರವರೆಗೆ, ಕುಳಿತವರಿಗೆ 10ರಿಂದ 12ರವರೆಗೆ. ಎಲ್‌ಡಬ್ಲ್ಯೂ 2 ಅಂದರೆ ಒಂದೇ ಕಾಲು, ಒಂದೇ ಸ್ಕೀ. ಅವರ ಎರಡೂ ಕೈಯಲ್ಲಿ ತುದಿಗೆ ಪುಟ್ಟ ಸ್ಕೀ ಜೋಡಿಸಿದ ಊರುಗೋಲು ಇರುತ್ತದೆ. ಔಟ್‌ರಿಗರ್ ಅಂತಾರೆ. ಎಲ್‌ಡಬ್ಲ್ಯೂ 4 ಅಂದರೆ ಒಂದು ಕಾಲಲ್ಲಿ ತೊಂದರೆ, ಆದರೂ ಎರಡು ಸ್ಕೀ ಮೇಲೆ ನಿಲ್ಲುತ್ತಾರೆ. 5/7 ಎರಡೂ ಕೈ ತೊಂದರೆಯವರು, ಕೋಲೇ ಇಲ್ಲದೆ ಇಳಿಯುತ್ತಾರೆ. 6/8 ಒಂದು ಕೈಯವರು, ಒಂದೇ ಕೋಲು. 9 ಅಂದರೆ ಕೈ ಕಾಲು ಎರಡರಲ್ಲೂ ತೊಂದರೆ.

ಪ್ರತಿ ತರಗತಿಗೂ ಒಂದು ಗುಣಕ ಇದೆ. ಫ್ಯಾಕ್ಟರ್ ಅಂತ ಕರೆಯುತ್ತಾರೆ. ಆಟಗಾರ ತೆಗೆದುಕೊಂಡ ಸಮಯವನ್ನು ಅದರಿಂದ ಗುಣಿಸುತ್ತಾರೆ. ಗುಣಿಸಿದ ಮೇಲೆ ಬರುವುದೇ ಅಧಿಕೃತ ಸಮಯ. ತೊಂದರೆ ಜಾಸ್ತಿ ಇದ್ದಷ್ಟೂ ಗುಣಕ ಚಿಕ್ಕದು.

ಅರ್ಥವಾಗಲಿ ಅಂತ ನಾನೇ ಊಹಿಸಿದ ಅಂಕಿ ಕೊಡುತ್ತೇನೆ. ಒಬ್ಬರು 60 ಸೆಕೆಂಡಿನಲ್ಲಿ ಇಳಿದರು, ಗುಣಕ 0.95. ಅವರ ಸಮಯ 57 ಸೆಕೆಂಡು. ಇನ್ನೊಬ್ಬರು 70 ಸೆಕೆಂಡಿನಲ್ಲಿ ಇಳಿದರು, ಗುಣಕ 0.80. ಅವರ ಸಮಯ 56. ಚಿನ್ನ ಎರಡನೆಯವರಿಗೆ. ನೀವು ನೋಡಿದ್ದು ಇದೇ.

ಕೋಟೆಬಾಗಿಲು_ಬಳ್ಳಾರಿ

ಈಗ ತಲೆಗೆ ಹೋಯಿತು ಮೇಷ್ಟ್ರೇ. ಆದರೆ ಆ 0.80 ಎಲ್ಲಿಂದ ಬಂತು? ಯಾರೋ ಸಾಹೇಬರು ಕೂತು ಬರೆದದ್ದಾ?

ಕುಷ್ಟಗಿ_ಲೆಕ್ಕ

ಅಲ್ಲ. ಹಿಂದಿನ ಋತುಗಳ ಫಲಿತಾಂಶ ತೆಗೆದುಕೊಂಡು ಲೆಕ್ಕ ಹಾಕುತ್ತಾರೆ. ಆ ತರಗತಿಯ ಒಳ್ಳೆಯ ಆಟಗಾರರು ಬೇರೆ ತರಗತಿಯ ಒಳ್ಳೆಯ ಆಟಗಾರರಿಗಿಂತ ಸಾಮಾನ್ಯವಾಗಿ ಎಷ್ಟು ಹಿಂದೆ ಇರುತ್ತಾರೆ ಅಂತ ನೋಡುತ್ತಾರೆ. ಹೊಸ ಫಲಿತಾಂಶ ಬಂದ ಹಾಗೆ ಗುಣಕವನ್ನೂ ತಿದ್ದುತ್ತಾರೆ.

ಮುಖ್ಯವಾದ ಮಾತು ಇನ್ನೊಂದಿದೆ. ಒಂದೇ ಆಟಗಾರನಿಗೆ ಎಲ್ಲಾ ಸ್ಪರ್ಧೆಗೂ ಒಂದೇ ಗುಣಕ ಇರುವುದಿಲ್ಲ. ಸ್ಲಾಲಮ್‌ನಲ್ಲಿ ಕಂಬಗಳು ಹತ್ತಿರ ಹತ್ತಿರ ಇರುತ್ತವೆ. ಅಡ್ಡ ಬಂದ ಕಂಬವನ್ನು ಕೈಯಿಂದ ತಳ್ಳಿಕೊಂಡು ಹೋಗಬೇಕು. ಕೈ ಇಲ್ಲದವರಿಗೆ ಅಲ್ಲಿ ಕಷ್ಟ. ಹೊರಡುವಾಗ ಕೋಲಿನಿಂದ ಒತ್ತಿ ವೇಗ ತೆಗೆದುಕೊಳ್ಳುವುದೂ ಅವರಿಗೆ ಆಗುವುದಿಲ್ಲ. ಅದೇ ಡೌನ್‌ಹಿಲ್ ಉದ್ದದ ಇಳಿಜಾರು. ಒಂದೇ ಕಾಲಿನವರ ತೊಡೆ ಅರ್ಧ ದಾರಿಗೇ ಉರಿಯಲು ಶುರುವಾಗುತ್ತದೆ, ಬದಲಿಸಲು ಇನ್ನೊಂದು ಕಾಲಿಲ್ಲ. ಜೈಂಟ್ ಸ್ಲಾಲಮ್, ಸೂಪರ್-ಜಿ ಇವೆರಡರ ನಡುವಿನ ಸ್ಪರ್ಧೆಗಳು. ಹಾಗಾಗಿ ಸ್ಲಾಲಮ್‌ಗೆ ಬೇರೆ, ಜೈಂಟ್ ಸ್ಲಾಲಮ್‌ಗೆ ಬೇರೆ, ಸೂಪರ್-ಜಿಗೆ ಬೇರೆ, ಡೌನ್‌ಹಿಲ್‌ಗೆ ಬೇರೆ. ಈ ವಿವರವೇ ನನಗೆ ಇಷ್ಟವಾಗಿದ್ದು. ದೇಹಕ್ಕೆ ಒಂದು ಅಂಕಿ ಅಂಟಿಸಿ ಕೈ ತೊಳೆದುಕೊಂಡಿಲ್ಲ. ಆ ದೇಹಕ್ಕೆ ಆ ಆಟದಲ್ಲಿ ಎಷ್ಟು ಅಡ್ಡಿ ಅಂತ ನೋಡಿದ್ದಾರೆ.

ರಾಯಚೂರು_ಬಿಸಿಲು

ಇದೆಲ್ಲ ಸರಿ. ಆದರೆ ಹೀಗಾದರೆ ಗೆದ್ದದ್ದು ಆಟಗಾರನಾ, ಕ್ಯಾಲ್ಕುಲೇಟರಾ? ನನ್ನ ಪ್ರಕಾರ ತರಗತಿಗೆ ಒಂದು ಪದಕ ಕೊಟ್ಟು ಬಿಡಬೇಕು. ನಮ್ಮಲ್ಲಿ ಕಾರಹುಣ್ಣಿಮೆಗೆ ಮುಂಗಾರು ಹಬ್ಬದಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುತ್ತಾರಲ್ಲ, ಅಲ್ಲಿ ಹಲ್ಲು ನೋಡಿ ವಿಭಾಗ ಮಾಡುವುದುಂಟು. ಎರಡು ಹಲ್ಲಿನ ಜೋಡಿ ಆರು ಹಲ್ಲಿನ ಜೋಡಿಯ ಎದುರು ನಿಲ್ಲುವುದಿಲ್ಲ. ಗುಣಾಕಾರ ಇಲ್ಲ, ಭಾಗಾಕಾರ ಇಲ್ಲ, ಜಗಳ ಇಲ್ಲ.

ಮೂರುಗಾಲಿ_ಸಿಂಧನೂರು

ತಮ್ಮಾ, ಮೊದಲಿಗೆ ನಮ್ಮನ್ನು ಎತ್ತಿನ ಸಾಲಿಗೆ ಸೇರಿಸಿದ್ದಕ್ಕೆ ಥ್ಯಾಂಕ್ಸ್. ಮೇವು ಕಳಿಸು. 😄

ಈಗ ಗಂಭೀರವಾಗಿ. ನನಗೆ ಪೋಲಿಯೋ, ಟ್ರೈಸಿಕಲ್ ಓಟಕ್ಕೆ ಹೋಗುತ್ತೇನೆ. ನೀನು ಹೇಳಿದ ಹಾಗೆ ತರಗತಿಗೊಂದು ಬಹುಮಾನ ಇಟ್ಟ ಕಡೆಯೂ ಹೋಗಿದ್ದೇನೆ. ಹೆಂಗಸರ ವಿಭಾಗದಲ್ಲಿ ನಾನು ಮತ್ತು ಇನ್ನೊಬ್ಬಳು, ಇಬ್ಬರೇ. ಒಬ್ಬಳಿಗೆ ಮೊದಲ ಬಹುಮಾನ, ಇನ್ನೊಬ್ಬಳಿಗೆ ಎರಡನೆಯದು. ಸ್ಟೀಲ್ ಡಬ್ಬಿ ಮನೆಗೆ ಬಂತು. ಆದರೆ ಅದನ್ನು ಓಟ ಅಂತ ನಾನು ಕರೆಯುವುದಿಲ್ಲ. ಹಿಂದೆ ಯಾರಾದರೂ ಬರುತ್ತಿದ್ದಾರೆ ಅನ್ನುವ ಭಯ ಇರಬೇಕು. ಮುಂದೆ ಹಿಡಿಯಲು ಯಾರಾದರೂ ಇರಬೇಕು. ಇಪ್ಪತ್ತು ಜನರ ಜೊತೆ ಓಡಿ ಏಳನೆಯವಳಾಗಿ ಬಂದರೂ ನನಗೆ ಅದೇ ಬೇಕು.

ಗಂಗಾವತಿ_ಪಿಟಿ_ಮೇಷ್ಟ್ರು

ಅಕ್ಕಾವರು ಹೇಳಿದ್ದು ಸ್ಕೀಯಿಂಗ್‌ನ ಇತಿಹಾಸವೂ ಹೌದು. ಚಳಿಗಾಲದ ಪ್ಯಾರಾಲಿಂಪಿಕ್ಸ್ ಶುರುವಾಗಿದ್ದು 1976ರಲ್ಲಿ, ಸ್ವೀಡನ್‌ನಲ್ಲಿ. ಅಲ್ಲಿಂದ ಬಹಳ ವರ್ಷ ತರಗತಿವಾರು ಪದಕ ಕೊಡುತ್ತಿದ್ದರು. ಕೆಲವು ತರಗತಿಯಲ್ಲಿ ಬೆರಳೆಣಿಕೆಯ ಜನ. ಇಳಿದು ಬಂದರೆ ಸಾಕು, ಪದಕ ಗ್ಯಾರಂಟಿ. ನೋಡುವವರಿಗೆ ಯಾರು ಗೆದ್ದರು, ಎಷ್ಟು ಚಿನ್ನ, ಏನೂ ತಿಳಿಯದು. 2006ರ ಟೊರಿನೊ ಕೂಟದಿಂದ ಮೂರೇ ಗುಂಪು ಮಾಡಿ ಗುಣಕ ಹಾಕಿದರು. 2022ರ ಬೀಜಿಂಗ್‌ನಲ್ಲಿ ಆಲ್ಪೈನ್‌ಗೆ ಒಟ್ಟು 30 ಚಿನ್ನ. ಐದು ಬಗೆಯ ಸ್ಪರ್ಧೆ, ಮೂರು ಗುಂಪು, ಗಂಡಸರು ಮತ್ತು ಹೆಂಗಸರು. ಅಷ್ಟೇ.

ಗುಣಕ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಅದೇ ಬೀಜಿಂಗ್‌ನಲ್ಲಿ ಉದಾಹರಣೆ ಇದೆ. ಒಂದೇ ಅಗಲ ಹಲಗೆಯ ಮೇಲೆ ನಿಂತು ಇಳಿಯುವ ಸ್ನೋಬೋರ್ಡ್‌ನಲ್ಲಿ ಗುಣಕ ಇಲ್ಲ, ತರಗತಿವಾರು ಪದಕ. ಕಾಲಿನ ತೊಂದರೆ ಹೆಚ್ಚಿರುವ ಹೆಂಗಸರ ತರಗತಿಯಲ್ಲಿ ಸ್ಪರ್ಧಿಗಳು ಕಡಿಮೆ ಅಂತ ಆ ಸ್ಪರ್ಧೆಯನ್ನೇ ಕೈಬಿಟ್ಟರು. ಅಮೆರಿಕದ ಬ್ರೆನ್ನಾ ಹಕಾಬಿ ಅದೇ ತರಗತಿಯವರು, ಹಿಂದಿನ ಕೂಟದ ಚಾಂಪಿಯನ್. ನನಗಿಂತ ಕಡಿಮೆ ತೊಂದರೆ ಇರುವವರ ಜೊತೆಗೇ ಬಿಡಿ, ಇಳಿಯುತ್ತೇನೆ ಅಂದರು. ಅದಕ್ಕೂ ಒಪ್ಪಲಿಲ್ಲ. ಜರ್ಮನಿಯ ಕೋರ್ಟಿಗೆ ಹೋಗಿ ಅನುಮತಿ ತಂದರು. ಫ್ರಾನ್ಸಿನ ಸೆಸಿಲ್ ಹೆರ್ನಾಂಡೆಜ್ ಅವರೂ ಕೋರ್ಟಿನ ಮೂಲಕವೇ ಬಂದರು. ಆಮೇಲೆ ನೋಡಿ ತಮಾಷೆ. ಅಲ್ಲಿದ್ದ ಎರಡು ಸ್ಪರ್ಧೆಗಳಲ್ಲಿ ಸ್ನೋಬೋರ್ಡ್ ಕ್ರಾಸ್ ಚಿನ್ನ ಹೆರ್ನಾಂಡೆಜ್‌ಗೆ. ಬ್ಯಾಂಕ್ಡ್ ಸ್ಲಾಲಮ್ ಚಿನ್ನ ಹಕಾಬಿಗೆ.

ರಾಯಚೂರು_ಬಿಸಿಲು

ಅಂದರೆ ಗುಣಕ ಇಲ್ಲದೆಯೇ ಗೆದ್ದರಲ್ಲ! ನನ್ನ ಮಾತಿಗೇ ಬಲ ಬಂತು.

ಮೂರುಗಾಲಿ_ಸಿಂಧನೂರು

ಇಬ್ಬರು ಗೆದ್ದರು ಅಂತ ಉಳಿದವರಿಗೂ ದಾರಿ ಸಮ ಆಯಿತಾ? ಅವರಿಗೆ ಕೋರ್ಟಿಗೆ ಹೋಗಲು ಆಯಿತು. ನಮ್ಮಂಥವರು ಪೀಪಿ ಊದುವವರ ಹತ್ತಿರ ಹೋಗಿ ಮಾತಾಡಲೂ ಹಿಂಜರಿಯುತ್ತೇವೆ.

ಗೆಜ್ಜೆಚೆಂಡು

ನಾನು ಪೂರ್ತಿ ಕಣ್ಣು ಕಾಣದವನು, ಫೋನು ಓದಿ ಹೇಳುತ್ತದೆ, ಮಾತಾಡಿ ಬರೆಯುತ್ತೇನೆ. ತಪ್ಪಿದ್ದರೆ ಹೊಂದಿಸಿಕೊಳ್ಳಿ.

ಗುಣಿಸುವುದು ಹೊಸದೇನಲ್ಲ. ಅಂಧರ ಕ್ರಿಕೆಟ್‌ನಲ್ಲಿ ಮೊದಲಿನಿಂದ ಇದೆ. ತಂಡದಲ್ಲಿ ಬಿ1, ಬಿ2, ಬಿ3 ಅಂತ ಮೂರು ಬಗೆ. ಬಿ1 ಪೂರ್ತಿ ಕಾಣದವರು, ಉಳಿದವರಿಗೆ ಅಲ್ಪಸ್ವಲ್ಪ ಕಾಣುತ್ತದೆ. 11 ಜನರಲ್ಲಿ ಕನಿಷ್ಠ 4 ಜನ ನನ್ನ ಹಾಗೆ ಬಿ1 ಇರಲೇಬೇಕು. ಬಿ1 ಹೊಡೆದ ರನ್ ಎರಡರಷ್ಟು. ನಾನು ಒಂದು ಓಡಿದರೆ ಎರಡು, ಬೌಂಡರಿ ಹೊಡೆದರೆ ಎಂಟು. ನಮ್ಮಲ್ಲಿ ಯಾರೂ ಅದನ್ನು ಕ್ಯಾಲ್ಕುಲೇಟರ್ ಗೆದ್ದಿತು ಅನ್ನುವುದಿಲ್ಲ. 2012ರಲ್ಲಿ ಬೆಂಗಳೂರಿನಲ್ಲಿ ಟಿ20 ವಿಶ್ವಕಪ್ ಗೆದ್ದಾಗ ನಾಯಕ ನಮ್ಮ ಶಿವಮೊಗ್ಗ ಕಡೆಯ ಶೇಖರ್ ನಾಯ್ಕ್. ಅಲ್ಲೂ ಇದೇ ನಿಯಮ.

ಸ್ಕೀಯಿಂಗ್‌ನಲ್ಲಿ ನಮ್ಮಂಥವರು ಹೇಗೆ ಇಳಿಯುತ್ತಾರೆ ಅಂತ ಯಾರಾದರೂ ಹೇಳುತ್ತೀರಾ? ಕಣ್ಣು ಕಾಣದ ಓಟಗಾರ್ತಿ ರಕ್ಷಿತಾ ರಾಜು ಗೈಡ್ ಜೊತೆ ಓಡುವುದು ಗೊತ್ತು, ಇಬ್ಬರ ಕೈಗೂ ಒಂದು ಪಟ್ಟಿ ಇರುತ್ತದೆ. ಹಿಮದ ಮೇಲೆ ಆ ವೇಗದಲ್ಲಿ ಪಟ್ಟಿ ಕಟ್ಟಿಕೊಂಡರೆ ಇಬ್ಬರೂ ಸೇರಿ ಉರುಳುತ್ತಾರೆ.

ಗಂಗಾವತಿ_ಪಿಟಿ_ಮೇಷ್ಟ್ರು

ಪಟ್ಟಿ ಇಲ್ಲ, ಮುಟ್ಟುವ ಹಾಗೂ ಇಲ್ಲ. ಗೈಡ್ ಮುಂದೆ ಇಳಿಯುತ್ತಾರೆ, ಮೈಮೇಲೆ ಎದ್ದು ಕಾಣುವ ಬಣ್ಣದ ಅಂಗಿ. ಹೆಲ್ಮೆಟ್ ಒಳಗಿನ ಹೆಡ್‌ಸೆಟ್‌ನಲ್ಲಿ ಮಾತಾಡುತ್ತಲೇ ಇರುತ್ತಾರೆ. ಎಡ, ಬಲ, ಕಡಿದಾದ ಇಳಿಜಾರು, ಗಟ್ಟಿ ಮಂಜುಗಡ್ಡೆ, ಹೀಗೆ. ಪೂರ್ತಿ ಕಾಣದವರ ತರಗತಿಯಲ್ಲಿ ಎಲ್ಲರೂ ಬೆಳಕು ತೂರದ ಕನ್ನಡಕ ಹಾಕಲೇಬೇಕು. ಒಬ್ಬರಿಗೆ ಸ್ವಲ್ಪ ಬೆಳಕು ತಿಳಿಯುತ್ತದೆ, ಇನ್ನೊಬ್ಬರಿಗೆ ಇಲ್ಲ ಅನ್ನುವ ವ್ಯತ್ಯಾಸ ಅಲ್ಲಿಗೆ ಮುಗಿಯಿತು. ಗೈಡ್‌ಗೂ ಪದಕ ಸಿಗುತ್ತದೆ. 2022ರಲ್ಲಿ ಸೂಪರ್-ಜಿ ಚಿನ್ನ ಗೆದ್ದ ಬ್ರಿಟನ್‌ನ ನೀಲ್ ಸಿಂಪ್ಸನ್‌ಗೆ ಗೈಡ್ ಆಗಿದ್ದವರು ಸ್ವಂತ ಅಣ್ಣ ಆಂಡ್ರ್ಯೂ.

ಗೆಜ್ಜೆಚೆಂಡು

ಭಲೇ. ನನ್ನ ಅಣ್ಣ ಬಸ್ ಸ್ಟ್ಯಾಂಡಿನಲ್ಲೇ ಕೈ ಬಿಟ್ಟು ಫೋನ್ ನೋಡುತ್ತಾನೆ.

ಫಿಸಿಯೋ_ಸಂಡೂರು

ಎತ್ತಿನ ವಿಷಯಕ್ಕೆ ಬರುತ್ತೇನೆ. ಹಲ್ಲನ್ನು ಬಾಯಿ ತೆರೆಸಿ ಎಣಿಸಬಹುದು. ಸೊಂಟದ ಬಲ ಎಣಿಸುವುದು ಹೇಗೆ? ಜಗಳ ಎಲ್ಲಾ ಇಲ್ಲಿಂದಲೇ ಏಳುತ್ತದೆ.

ಕುಳಿತು ಇಳಿಯುವವರನ್ನು ತೆಗೆದುಕೊಳ್ಳಿ. ಮೊನೋ-ಸ್ಕೀ ಅಂದರೆ ದೇಹಕ್ಕೆ ಅಳತೆ ಮಾಡಿಸಿದ ತೊಟ್ಟಿಯಂಥ ಸೀಟು, ಕೆಳಗೆ ಶಾಕ್ ಅಬ್ಸಾರ್ಬರ್, ಅದರ ಕೆಳಗೆ ಒಂದೇ ಸ್ಕೀ. ತಿರುಗಬೇಕಾದರೆ ಸೊಂಟ ಮತ್ತು ಬೆನ್ನಿನಿಂದ ವಾಲಬೇಕು. ಎಲ್‌ಡಬ್ಲ್ಯೂ 10 ಅಂದರೆ ಹೊಟ್ಟೆ ಬೆನ್ನಿನ ಸ್ನಾಯುಗಳಲ್ಲಿ ಹಿಡಿತವೇ ಇಲ್ಲ. 11 ಅಂದರೆ ಅಲ್ಪಸ್ವಲ್ಪ ಇದೆ. 12 ಅಂದರೆ ಕಾಲು ಮಾತ್ರ ಇಲ್ಲ ಅಥವಾ ಬಲವಿಲ್ಲ, ಮೇಲಿನ ದೇಹ ಗಟ್ಟಿ. ಇದನ್ನು ಡಾಕ್ಟರು ಅಥವಾ ಫಿಸಿಯೋ ಮೇಜಿನ ಮೇಲೆ ಪರೀಕ್ಷೆ ಮಾಡುತ್ತಾರೆ. ಆಟ ಬಲ್ಲವರು ಹಿಮದ ಮೇಲೆ ಹೇಗೆ ಇಳಿಯುತ್ತಾರೆ ಅಂತಲೂ ನೋಡುತ್ತಾರೆ. ಪರೀಕ್ಷೆಯ ದಿನ ಬೇಕಂತಲೇ ಬಲ ಕಡಿಮೆ ತೋರಿಸಿದರೆ? ಅದಕ್ಕೇ ಸ್ಪರ್ಧೆಯಲ್ಲೂ ಕಣ್ಣಿಡುತ್ತಾರೆ. ಸಿಕ್ಕಿಬಿದ್ದರೆ ನಿಷೇಧ.

ಮೋಸ ಆಗಿದ್ದೂ ಇದೆ. 2000ದ ಸಿಡ್ನಿಯಲ್ಲಿ ಬುದ್ಧಿಮಾಂದ್ಯರ ಬಾಸ್ಕೆಟ್‌ಬಾಲ್ ಚಿನ್ನ ಗೆದ್ದ ಸ್ಪೇನ್ ತಂಡದ 12 ಆಟಗಾರರಲ್ಲಿ 10 ಜನಕ್ಕೆ ಯಾವ ತೊಂದರೆಯೂ ಇರಲಿಲ್ಲ. ಶಿಕ್ಷೆ ಯಾರಿಗಾಯಿತು ನೋಡಿ. ನಿಜವಾಗಿ ಆ ತೊಂದರೆ ಇರುವವರಿಗೆ 2012ರವರೆಗೆ ಪ್ಯಾರಾಲಿಂಪಿಕ್ಸ್ ಬಾಗಿಲು ಮುಚ್ಚಿತು.

ನಮ್ಮ ಜನ ತಿಳಿದುಕೊಳ್ಳಬೇಕಾದ್ದು ಇನ್ನೊಂದಿದೆ. ಯುಡಿಐಡಿ ಕಾರ್ಡು, ಅಂದರೆ ಸರಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿಯಲ್ಲಿರುವ ಶೇಕಡಾ ಬೇರೆ, ಆಟದ ತರಗತಿ ಬೇರೆ. ನನಗೆ 75 ಇದೆ, ಅವನಿಗೆ 45, ನಾನು ಹೇಗೆ ಅವನ ಜೊತೆ ಓಡಲಿ ಅಂತ ಕೇಳುವವರು ಬಹಳ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೌಲಭ್ಯ. ಅದು ಮಾಸಾಶನಕ್ಕೆ, ಮೀಸಲಾತಿಗೆ ಸರಿ. ಆದರೆ ಕಿವಿ ಕೇಳದವರಿಗೆ ಕಾರ್ಡಿನಲ್ಲಿ 100 ಇದ್ದರೂ ಓಟದಲ್ಲಿ ಕಾಲಿಗೆ ಅಡ್ಡಿಯೇನೂ ಇಲ್ಲ. ಅವರಿಗೆ ಡೆಫ್ಲಿಂಪಿಕ್ಸ್ ಅಂತ ಬೇರೆಯೇ ಕೂಟ ಇದೆ. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ವಿನೋದ್ ಕುಮಾರ್ ಡಿಸ್ಕಸ್‌ನಲ್ಲಿ ಕಂಚು ಗೆದ್ದು ಅದನ್ನು ಕಳೆದುಕೊಂಡಿದ್ದು ನೆನಪಿದೆಯಲ್ಲ? ಅಂಗವೈಕಲ್ಯ ಇಲ್ಲ ಅಂತ ಅಲ್ಲ. ಎಫ್52 ತರಗತಿಗೆ ಹೊಂದುವುದಿಲ್ಲ ಅಂತ.

ಕುಷ್ಟಗಿ_ಲೆಕ್ಕ

ಫಿಸಿಯೋ ಸರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಗುಣಕವನ್ನು ನಾನು ಬೆಂಬಲಿಸುತ್ತೇನೆ, ಆದರೆ ಪೂಜೆ ಮಾಡುವುದಿಲ್ಲ. ಅದರಲ್ಲಿ ತೂತುಗಳಿವೆ.

ಒಂದು ತರಗತಿಯಲ್ಲಿ ಜಗತ್ತಿನಲ್ಲೇ ನಾಲ್ಕೈದು ಜನ ಓಡುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಅವರಲ್ಲಿ ಒಬ್ಬಳು ಅಸಾಧ್ಯ ಪ್ರತಿಭೆ. ಅವಳ ಸಮಯವೇ ಆ ತರಗತಿಯ ಅಳತೆಗೋಲಾಗುತ್ತದೆ. ಮುಂದಿನ ಋತುವಿಗೆ ಗುಣಕ ದೊಡ್ಡದಾಗುತ್ತದೆ, ಅಂದರೆ ರಿಯಾಯಿತಿ ಕಡಿಮೆ. ಅವಳ ಹಿಂದೆ ಇರುವ ಸಾಮಾನ್ಯ ಆಟಗಾರ್ತಿಗೆ ಪೆಟ್ಟು. ತೊಂದರೆಯನ್ನು ಅಳೆಯಲು ಹೋಗಿ ಪ್ರತಿಭೆಯನ್ನು ಅಳೆದ ಹಾಗಾಯಿತು. ಜನ ಜಾಸ್ತಿ ಇರುವ ತರಗತಿಯಲ್ಲಿ ಇದು ಅಷ್ಟು ಕಾಡುವುದಿಲ್ಲ.

ಹಿಮವೂ ಪ್ರತಿದಿನ ಒಂದೇ ಥರ ಇರುವುದಿಲ್ಲ. ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ಮೆತ್ತಗೆ. ದಾರಿಯಲ್ಲಿ ಸಮತಟ್ಟಾದ ಜಾಗ ಬಂದರೆ ಎರಡು ಕಾಲಿನವರು ಹೆಜ್ಜೆ ಹಾಕಿ ವೇಗ ಕೂಡಿಸುತ್ತಾರೆ. ಮೊನೋ-ಸ್ಕೀಯಲ್ಲಿ ಕೂತವರಿಗೆ ಅದು ಆಗದು. ಅವರು ಬೇರೆ ಗುಂಪು, ಸರಿ. ಆದರೆ ನಿಂತವರ ಗುಂಪಿನಲ್ಲೇ ಒಂದು ಕಾಲಿನವರೂ ಇದ್ದಾರಲ್ಲ? ಗುಣಕ ಋತುವಿನ ಶುರುವಿನಲ್ಲೇ ನಿಗದಿ. ಆ ದಿನದ ಬೆಟ್ಟ ನೋಡಿ ಬದಲಾಗುವುದಿಲ್ಲ.

ಇನ್ನು ದುಡ್ಡು. ಒಳ್ಳೆಯ ಸೀಟು, ಒಳ್ಳೆಯ ಶಾಕ್ ಅಬ್ಸಾರ್ಬರ್, ವರ್ಷವಿಡೀ ಹಿಮ ಇರುವ ಊರು, ಕೋಚ್. ಯಾವ ಗುಣಕದಲ್ಲೂ ಇದು ಬರುವುದಿಲ್ಲ. ಗುಲ್ಮಾರ್ಗ್‌ನಲ್ಲೋ ಔಲಿಯಲ್ಲೋ ಚಳಿಗಾಲದಲ್ಲಿ ಮಾತ್ರ ಕಲಿಯುವ ಹುಡುಗನಿಗೂ, ಆಸ್ಟ್ರಿಯದ ಬೆಟ್ಟದಲ್ಲಿ ಬೆಳೆದ ಹುಡುಗನಿಗೂ ಒಂದೇ ತರಗತಿಯಾದರೆ ಒಂದೇ ಗುಣಕ.

ರಾಯಚೂರು_ಬಿಸಿಲು

ನನ್ನ ಕಡೆಯಿಂದ ಒಂದು ಸಾಕ್ಷಿ. 2012ರ ಲಂಡನ್‌ನಲ್ಲಿ ಹೆಂಗಸರ ಡಿಸ್ಕಸ್, ಎಫ್35 ಮತ್ತು 36 ಅನ್ನುವ ಎರಡು ತರಗತಿ ಸೇರಿಸಿ, ಎಸೆದ ದೂರವನ್ನು ಅಂಕವಾಗಿ ಬದಲಿಸುವ ಸೂತ್ರ ಹಾಕಿದ್ದರು. ಉಕ್ರೇನಿನ ಮರಿಯಾ ಪೊಮಜಾನ್‌ಗೆ ಚಿನ್ನ ಕೊಟ್ಟರು. ಆಮೇಲೆ ಲೆಕ್ಕ ತಪ್ಪಿದೆ ಅಂತ ಚೀನಾದ ವು ಚಿಂಗ್‌ಗೆ ಕೊಟ್ಟರು. ಕೊರಳಿಗೆ ಹಾಕಿದ್ದನ್ನು ವಾಪಸ್ ಕೇಳುವುದೆಂದರೆ ಏನು? ಮೊದಲು ಗೆರೆ ದಾಟಿದವರಿಗೆ ಬಹುಮಾನ ಅಂದರೆ ಈ ಪಾಡು ಬರುತ್ತದಾ?

ಕೋಟೆಬಾಗಿಲು_ಬಳ್ಳಾರಿ

ಆ ಪಾಡು ಬರುವುದಿಲ್ಲ, ನಿಜ. ಆದರೆ ನಮ್ಮ ಡಿಸೆಂಬರ್ ಓಟದಲ್ಲಿ ಮೊದಲು ಗೆರೆ ದಾಟಿದವರಿಗೇ ಬಹುಮಾನ ಕೊಡುತ್ತಿದ್ದಾರಲ್ಲ, ಅದಕ್ಕೇ ಊರುಗೋಲಿನವರು ಬರುವುದನ್ನೇ ಬಿಟ್ಟಿದ್ದಾರೆ. ಸೂತ್ರ ತಪ್ಪಾದರೆ ತಿದ್ದಬಹುದು. ಬರದೇ ಉಳಿದವರನ್ನು ಎಲ್ಲಿ ಹುಡುಕುವುದು?

ವಿಆರ್‌ಡಬ್ಲ್ಯೂ_ಕುರುಗೋಡು

ಎಲ್ಲಾ ಓದಿದೆ. ನಾನು ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತ. ಓಟಕ್ಕೆ ಹೆಸರು ಬರೆದುಕೊಳ್ಳುವುದು, ಗಾಡಿ ಹೊಂದಿಸುವುದು, ಊಟದ ಪೊಟ್ಟಣ ಹಂಚುವುದು ಎಲ್ಲಾ ನಮ್ಮ ತಲೆಗೇ ಬರುತ್ತದೆ. ಹಾಗಾಗಿ ಪ್ರಾಕ್ಟಿಕಲ್ ಆಗಿ ಕೇಳುತ್ತೇನೆ. ನಮ್ಮಲ್ಲಿ ಹಿಂದಿನ ಸಮಯಗಳ ದಾಖಲೆ ಒಂದೂ ಇಲ್ಲ. ಯಾರು ಗೆದ್ದರು ಅಂತ ಬರೆಯುತ್ತೇವೆ, ಎಷ್ಟು ಸೆಕೆಂಡಿನಲ್ಲಿ ಅಂತ ಯಾರೂ ಬರೆದಿಲ್ಲ. ಗುಣಕ ಎಲ್ಲಿಂದ ತರೋಣ?

ಕುಷ್ಟಗಿ_ಲೆಕ್ಕ

ಹಿಮದವರ ಗುಣಕ ತಂದು ನಮ್ಮ ಮಣ್ಣಿನ ಟ್ರ್ಯಾಕಿಗೆ ಹಾಕುವ ಹಾಗಿಲ್ಲ, ಅದು ಮೊದಲು ಸ್ಪಷ್ಟ ಇರಲಿ. ಊಹೆ ಮಾಡಿಯೂ ಹಾಕಬೇಡಿ, ಅಲ್ಲಿಗೆ ಜಗಳ ಶುರು. ಈ ವರ್ಷ ಗುಣಕ ಬೇಡ. ಸಮಯ ಮಾತ್ರ ಬರೆಯಿರಿ. ಮೊಬೈಲಿನ ಸ್ಟಾಪ್‌ವಾಚ್ ಸಾಕು. ಟ್ರೈಸಿಕಲ್, ವೀಲ್‌ಚೇರ್, ಊರುಗೋಲು, ಕ್ಯಾಲಿಪರ್, ಜೈಪುರ ಕೃತಕ ಕಾಲು, ಕೈ ತೊಂದರೆ. ಪ್ರತಿಯೊಬ್ಬರ ಎದುರು ಯಾವುದು ಅಂತ ಒಂದು ಪದ, ಪಕ್ಕದಲ್ಲಿ ಸೆಕೆಂಡು. ಬರೀ ನಿಮ್ಮ ತಾಲೂಕಲ್ಲ, ಸಿರುಗುಪ್ಪ, ಸಂಡೂರು, ಗಂಗಾವತಿ, ಸಿಂಧನೂರು ಎಲ್ಲಾ ಕಡೆ ಬರೆದರೆ ಎರಡು ಮೂರು ವರ್ಷದಲ್ಲಿ ಒಂದಿಷ್ಟು ಅಂಕಿ ಸೇರುತ್ತದೆ. ಹಾಳೆ ನನಗೆ ಕಳಿಸಿ, ಕೂಡಿಸಿ ಕೊಡುತ್ತೇನೆ.

ಫಿಸಿಯೋ_ಸಂಡೂರು

ಅಲ್ಲಿಯವರೆಗೆ ಕನಿಷ್ಠ ಚಕ್ರದವರನ್ನೂ ಕಾಲಿನವರನ್ನೂ ಬೇರೆ ಮಾಡಿ. ಕೈ ತೊಂದರೆಯವರನ್ನು ಊರುಗೋಲಿನವರ ಜೊತೆ ನಿಲ್ಲಿಸಬೇಡಿ. ಇದಕ್ಕೆ ಯಾವ ಅಂಕಿಯೂ ಬೇಕಿಲ್ಲ, ಕಣ್ಣಿಗೇ ಕಾಣುತ್ತದೆ. ಕಾಣದವರಿಗೆ ಗೈಡ್ ಕೊಡಿ, ಪಟ್ಟಿ ಕೊಡಿ, ಕಣ್ಣಿಗೆ ಬಟ್ಟೆ ಕಟ್ಟಿ.

ಮೂರುಗಾಲಿ_ಸಿಂಧನೂರು

ಟ್ರೈಸಿಕಲ್‌ಗೆ ನನ್ನದೊಂದು ಮಾತು. ಸರಕಾರ ಕೊಟ್ಟ ಗಾಡಿಗಳಲ್ಲೂ ಹಳೆಯದು, ಹೊಸದು ಇವೆ. ನನ್ನದರ ಚೈನು ತುಕ್ಕು ಹಿಡಿದಿದೆ. ಹೊಸ ಗಾಡಿಯವಳ ಜೊತೆ ಓಡಿದರೆ ಅವಳ ಗಾಡಿ ಗೆಲ್ಲುತ್ತದೆ, ಅವಳಲ್ಲ. ನಾಲ್ಕು ಒಂದೇ ಥರದ ಗಾಡಿ ಇಟ್ಟು, ನಾಲ್ಕು ನಾಲ್ಕು ಜನರನ್ನು ಬಿಟ್ಟು ಸಮಯ ಹಿಡಿಯಿರಿ. ಎಲ್ಲರಿಗೂ ಅದೇ ಗಾಡಿ. ಸ್ಕೀ ಸೀಟಿನ ಹಾಗೆ ಅಳತೆಗೆ ಮಾಡಿಸಬೇಕಾದ್ದೇನೂ ಇಲ್ಲವಲ್ಲ ಇದರಲ್ಲಿ.

ವಿಆರ್‌ಡಬ್ಲ್ಯೂ_ಕುರುಗೋಡು

ಇದು ಆಗುವ ಮಾತು ಅಕ್ಕಾ. ಗಾಡಿ ನಾಲ್ಕು ಹೊಂದಿಸಬಹುದು. ಬಹುಮಾನ ಕೊಡುವವರನ್ನು ಒಪ್ಪಿಸುವುದು ಕಷ್ಟ. ಗೆರೆ ದಾಟಿದ ತಕ್ಷಣ ಫೋಟೋ ಬೇಕು ಅವರಿಗೆ. ಸಮಯ ಕೂಡಿಸಿ ಅರ್ಧ ಗಂಟೆ ಆದ ಮೇಲೆ ಹೇಳುತ್ತೇವೆ ಅಂದರೆ ಅಷ್ಟರಲ್ಲಿ ವೇದಿಕೆ ಖಾಲಿ.

ರಾಯಚೂರು_ಬಿಸಿಲು

ಫೋಟೋ ಮೊದಲೇ ತೆಗೆಸಿ ಕಳಿಸಿಬಿಡಿ. ಓಟ ಆಮೇಲೆ ಇಟ್ಟುಕೊಳ್ಳೋಣ. ಸ್ಟಾಪ್‌ವಾಚ್ ಹಿಡಿಯಲು ನಾನು ಬರುತ್ತೇನೆ, ಆದರೆ ತರಗತಿವಾರು ಬಹುಮಾನವೂ ಇರಬೇಕು ಅಂತ ಅಲ್ಲೂ ವಾದ ಮಾಡುತ್ತೇನೆ.

ವಿಆರ್‌ಡಬ್ಲ್ಯೂ_ಕುರುಗೋಡು

ಬನ್ನಿ ಸರ್. ಕೊನೆಯ ಪ್ರಶ್ನೆ, ಎಲ್ಲರೂ ಹೇಳಿ. ಹೋದ ಸಲ ಒಬ್ಬರು ಬ್ಯಾಟರಿ ಗಾಡಿ ತಂದು ಟ್ರೈಸಿಕಲ್ ಓಟಕ್ಕೆ ಹೆಸರು ಬರೆಸಿದ್ದರು. ಬೇಡ ಅಂದರೆ ಸಿಟ್ಟು. ಅವರಿಗೆ ಏನು ಹೇಳೋಣ?

ಮೂರುಗಾಲಿ_ಸಿಂಧನೂರು

ಗುಣಕ 5 ಹಾಕಿ. 😄 ಒಪ್ಪದಿದ್ದರೆ ನೀರಿನ ಕ್ಯಾನ್ ತರುವ ಕೆಲಸ ಕೊಡಿ, ಗಾಡಿಯೂ ಉಪಯೋಗಕ್ಕೆ ಬರುತ್ತದೆ.